ಗೇರಿನ ಗುಂಡು

"ಮತ್ತೆ ಆ ಹಳೇ ಗುಂಡು ಯಾಕಪ್ಪ? ಹೊಸದನ್ನೇ ಹಾಕು. ಯಾವ ಗೇರ್ ಎಲ್ಲಿದೆ ಅಂತ ಅದರ ತಲೆ ಮೇಲೇ ಕೊರೆದಿದ್ದಾರೆ" ಎಂದಳು ಮಗಳು ಜೋಲೀನ್.

"ಓದಿಕೊಂಡು ಗೇರ್ ಹಾಕೋಕೆ ನಾನೇನು ನಿನ್ನೆ ಲೈಸೆನ್ಸ್ ತಗೊಂಡವನಾ?" ಲೈಲ್ ಹೊಸ ಕಪ್ಪು ಗುಂಡನ್ನು ಗ್ಯಾರೇಜಿನ ಮೇಜಿನ ಮೇಲಿಟ್ಟು, ತನ್ನ ಬಿಳಿ ಗುಂಡನ್ನೇ ಗೇರ್ ರಾಡಿಗೆ ತಿರುಗಿಸಿ ಕೂರಿಸಿದ. ಮದುವೆಗೂ ಮುಂಚಿನಿಂದ ಅವನ ಅಂಗೈಯಲ್ಲಿ ಸವೆದ ಗುಂಡು ಅದು. ಅದರ ಮೇಲಿನ ಗುರುತುಗಳು ಅಳಿಸಿಹೋಗಿ ಎಷ್ಟು ಕಾಲವಾಗಿತ್ತೋ.

ಕಾರು ಅರವತ್ತೊಂಬತ್ತನೇ ಇಸವಿಯ ಶೆವೆಲ್. ಅದರ ಸದ್ದಿಗೆ ಅಮೆರಿಕದ ಫ್ಲಿಂಟ್ ಊರಿನ ಆ ಬೀದಿಯ ನಾಯಿಗಳು ಈಗಲೂ ಎದ್ದು ಬೊಗಳುತ್ತಿದ್ದವು. ಆದರೆ ಲೈಲ್‌ನ ಎಡ ಮೊಣಕಾಲೇ ಕೈಕೊಟ್ಟಿತ್ತು. ಹಳೆಯ ಕ್ಲಚ್ ಒತ್ತುವುದೆಂದರೆ ಗೋಡೆ ತಳ್ಳಿದ ಹಾಗೆ. "ಸಾಕಪ್ಪ, ಇನ್ನು ಕೀಲಿ ನನಗೆ ಕೊಡು" ಎಂದು ಮಗಳು ಶುರುಮಾಡಿದ್ದಳು. ಮುದುಕ ಹಟಕ್ಕೆ ಬಿದ್ದ. ನಾಲ್ಕು ಗೇರಿನ ಹಳೆಯ ಗೇರ್‌ಬಾಕ್ಸ್ ಇಳಿಸಿ, ಐದು ಗೇರಿನ ಹೊಸದನ್ನೂ ಹಗುರವಾದ ಕ್ಲಚ್ಚನ್ನೂ ತರಿಸಿದ. ಹೊಸದು ದಪ್ಪ, ಅದು ಹಿಡಿಸಲು ಕಾರಿನ ನೆಲವನ್ನೇ ಕೊಯ್ದು, ಉಬ್ಬಿಸಿ, ಬೆಸುಗೆ ಹಾಕಬೇಕಾಯಿತು. ಬೈಯುತ್ತ ಬೈಯುತ್ತಲೇ ಬೆಸುಗೆ ಹಾಕಿದವಳು ಜೋಲೀನ್. ಹೆಂಡತಿ ಆರ್ಡಿತ್ ಮಾತ್ರ ಮೊದಲಿನಿಂದಲೂ ಗಂಡನ ಪಕ್ಷ. "ಕಾಲು ಹೋದರೇನು, ಅವನ ಕೈ ಇನ್ನೂ ಗಟ್ಟಿ ಇದೆ" ಎನ್ನುತ್ತಿದ್ದಳು.

ಇವತ್ತು ಮೊದಲ ಸವಾರಿ. ಮೂವರೂ ಹೋಗಿ ಹಾಟ್‌ಡಾಗ್ ತಿಂದು ಬರುವುದೆಂದು ಮಾತಾಗಿತ್ತು. ಗ್ಯಾರೇಜಿನಲ್ಲಿ ಕಾರಿನ ಮೂತಿ ಗೋಡೆಯ ಕಡೆಗಿತ್ತು. ಕಾರಿಗೂ ಗೋಡೆಬದಿಯ ಮೇಜಿಗೂ ನಡುವೆ ನಿಂತು ಆರ್ಡಿತ್ ಫೋಟೋ ತೆಗೆಯುತ್ತಿದ್ದಳು.

"ನಗೋ ಮಾರಾಯ, ಹೆಣ ಕಾಯೋನ ಥರ ಕೂತಿದ್ದೀಯಲ್ಲ!"

ಲೈಲ್ ನಕ್ಕ. ಇಂಜಿನ್ ಚಾಲೂ ಮಾಡಿ ಕ್ಲಚ್ ಒತ್ತಿದರೆ ಮೊಣಕಾಲಿಗೆ ಗೊತ್ತೇ ಆಗಲಿಲ್ಲ. ಅವನಿಗೆ ಕುಣಿಯುವಷ್ಟು ಖುಷಿಯಾಯಿತು. ಹೊರಗೆ ನಿಂತ ಜೋಲೀನ್ "ಬಾ, ಹಿಂದೆ ಬಾ" ಎಂದು ಕೈಬೀಸಿದಳು. ಅವನು ಹಿಂದಕ್ಕೆ ತಿರುಗಿ ಅವಳನ್ನು ನೋಡುತ್ತಿದ್ದಂತೆ ಕೈ ತಾನಾಗಿಯೇ ಗುಂಡನ್ನು ಎಡಕ್ಕೆ ಎಳೆದು ಮೇಲಕ್ಕೆ ತಳ್ಳಿತು. ಹಳೆಯ ಗೇರ್‌ಬಾಕ್ಸಿನಲ್ಲಿ ರಿವರ್ಸ್ ಇದ್ದದ್ದು ಅಲ್ಲಿಯೇ. ಹೊಸದರಲ್ಲಿ ಅಲ್ಲಿರುವುದು ಒಂದನೇ ಗೇರ್.

ಕ್ಲಚ್ ಬಿಡುತ್ತಿದ್ದಂತೆ ಕಾರು ಮುಂದಕ್ಕೆ ಹಾರಿತು.

ಕಾಲು ಕ್ಲಚ್ಚಿನಿಂದ ಜಾರಿ ಇಂಜಿನ್ ಧಡಕ್ಕನೆ ನಿಂತುಹೋಯಿತು. ಮೇಜಿನ ಮೇಲಿನ ಸ್ಪ್ಯಾನರುಗಳು ಉದುರಿದ ಸದ್ದು, ಆಮೇಲೆ ಏನೂ ಇಲ್ಲ. ಲೈಲ್ ತಿರುಗಿದ. ಬಾನೆಟ್ಟಿನ ಮೇಲೆ ಆರ್ಡಿತಳ ಎರಡು ಅಂಗೈಗಳು, ಅವುಗಳ ಹಿಂದೆ ಅವಳ ಬಿಳುಚಿದ ಮುಖ. ಅವಳ ಹೆಸರು ಹಿಡಿದು ಕೂಗಿದ.

"ಬದುಕಿದೀನಿ" ಎಂದಳು ಅವಳು. "ಸಿಕ್ಕಿಕೊಂಡಿರೋದು ಸ್ಕರ್ಟು, ಕಾಲಲ್ಲ. ಲೈಲ್, ಗೇರ್ ಮಾತ್ರ ಮುಟ್ಟಬೇಡ."

ಕೈ ಇನ್ನೂ ಗುಂಡಿನ ಮೇಲೇ ಇತ್ತು. ಕಾದ ಕಾವಲಿ ಮುಟ್ಟಿದವನಂತೆ ಹಿಂದಕ್ಕೆಳೆದುಕೊಂಡ. ರಿವರ್ಸ್ ಎಲ್ಲಿದೆ ಎಂದು ಆಗ ದೇವರು ಬಂದು ಕೇಳಿದ್ದರೂ ಅವನಿಗೆ ಹೇಳಲು ಆಗುತ್ತಿರಲಿಲ್ಲ.

ಜೋಲೀನ್ ಓಡಿಬಂದಳು. "ಅಪ್ಪ, ಕ್ಲಚ್ ಒತ್ತು. ಬೇರೇನೂ ಮಾಡಬೇಡ!"

ನೆಲ ಬಾಗಿಲ ಕಡೆಗೆ ಇಳಿಜಾರಾಗಿತ್ತು. ಕ್ಲಚ್ ಒತ್ತಿದ್ದೇ ತಡ, ಕಾರು ತಾನಾಗಿ ಮೆಲ್ಲಗೆ ಹಿಂದೆ ಸರಿಯಿತು. ಅವನು ಬ್ರೇಕ್ ಹಾಕಿದ.

ಆರ್ಡಿತ್ ಸ್ಕರ್ಟಿನ ಮೇಲಿನ ಬಂಪರಿನ ಗೆರೆಯನ್ನು ಎರಡು ಸಲ ಕೊಡವಿ, ನೆಲಕ್ಕೆ ಬಿದ್ದಿದ್ದ ಕಪ್ಪು ಗುಂಡನ್ನು ಹುಡುಕಿ ತಂದಳು.

ಲೈಲ್ ಕೂತ ಕಡೆಯ ಬಾಗಿಲು ತೆರೆದು, "ಆ ಕಡೆ ಸರಿ" ಎಂದಳು.

"ಆರ್ಡಿತ್, ನಾನು…"

"ಹಾಟ್‌ಡಾಗ್ ತಿನ್ನೋಕೆ ಹೋಗ್ತಿದೀವಿ ತಾನೇ? ಸರಿ ಆ ಕಡೆ."

ಅವನು ಸರಿದು ಕೂತ. ಜೋಲೀನ್ ಹಿಂದೆ ಹತ್ತಿದಳು. ಆರ್ಡಿತ್ ಬಿಳಿ ಗುಂಡನ್ನು ಬಿಚ್ಚಿ ಅವನ ತೊಡೆಯ ಮೇಲಿಟ್ಟಳು. ಕಪ್ಪನ್ನು ಕೂರಿಸಿ, ಕನ್ನಡಕ ಹಾಕಿಕೊಂಡು ಪಾಠ ಒಪ್ಪಿಸುವವಳಂತೆ ಗಟ್ಟಿಯಾಗಿ ಓದಿದಳು: "ರಿವರ್ಸ್ ಬಲಕ್ಕೆ, ಕೆಳಗೆ."

ಕಾರು ಹಿಂದೆ ಸರಿದು ಬಿಸಿಲಿಗೆ ಬಂತು. ಲೈಲ್ ಕೆಳಗೆ ನೋಡಿದ. ಬಿಳಿ ಗುಂಡನ್ನು ಹಿಡಿದಿದ್ದ ಅವನ ಬಲಗೈ ತೊಡೆಯ ಮೇಲೆ ಎಡಕ್ಕೆ ಸರಿದು ಮೇಲಕ್ಕೆ ತಳ್ಳುತ್ತಿತ್ತು. ಅವನು ಅದರ ಮೇಲೆ ಎಡಗೈ ಇಟ್ಟು ಒತ್ತಿ ಹಿಡಿದುಕೊಂಡ.