ಮೀನಿನ ಹಲ್ಲಿಗೆ ಮಂಗಳಾರತಿ

ಕೊಳ್ಳೇಗಾಲದ ಆ ಖಾಸಗಿ ಶಾಲೆಯ ಸ್ಟಾಫ್ ರೂಮಿನಲ್ಲಿ ಸೋಮವಾರ ಸೋಮವಾರ ಒಂದು ಹಲ್ಲಿಗೆ ಪೂಜೆ. ಅಂಗೈ ಅಗಲದ, ಕಪ್ಪಗೆ ಕಲ್ಲಾಗಿಹೋದ ಹಲ್ಲು. ಹೊರದೇಶದಲ್ಲಿದ್ದ ಹಳೆಯ ವಿದ್ಯಾರ್ಥಿಯೊಬ್ಬ ಕೊಟ್ಟುಹೋದದ್ದು. ಇಷ್ಟು ದೊಡ್ಡದು ಮಾದಪ್ಪ ದೇವರ ವಾಹನವಾದ ಹುಲಿಯದಲ್ಲದೆ ಇನ್ಯಾವುದರದು ಎಂದು ಕಾರ್ಯದರ್ಶಿ ಜಡೇಸ್ವಾಮಿ ಅಂದೇ ತೀರ್ಮಾನಿಸಿಬಿಟ್ಟಿದ್ದರು. ಹಲ್ಲು ತೊಳೆದ ಹಾಲು ಮಕ್ಕಳಿಗೆ ತೀರ್ಥ. ಮೊದಲ ಗುಟುಕು ಜಡೇಸ್ವಾಮಿಯವರದೇ. ಬಿರುಕುಗಳಲ್ಲಿ ಕೂತ ಹಳೆಯ ಹಾಲು ಹುಳಿತು ಗಬ್ಬು ನಾರುತ್ತಿತ್ತು. ವಿಜ್ಞಾನದ ಟೀಚರ್ ರೂಪ ಪೂಜೆಯ ಹೊತ್ತಿಗೆ ಹೊರಗೆ ಹೋಗಿಬಿಡುತ್ತಿದ್ದಳು.

ಹೊರಗಿರುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಸೇರಿದ ವಾರವೇ ಅವಳ ಡಬ್ಬಿಯ ಮೀನುಸಾರು ಮೂಗಿಗೆ ಬಡಿಯಿತೆಂದು ಜಡೇಸ್ವಾಮಿ ಅವಳನ್ನು ಸೈಕಲ್ ಸ್ಟ್ಯಾಂಡಿಗೆ ಅಟ್ಟಿದ್ದರು. ವರ್ಷವಾಯಿತು, ಅಲ್ಲೇ ಊಟ.

ವಸ್ತುಪ್ರದರ್ಶನದ ಹಿಂದಿನ ದಿನ ಅವರು ಅವಳ ಮುಂದೆ ಖಾಲಿ ಚೀಟಿಯೊಂದನ್ನು ತಂದಿಟ್ಟರು.

"ಮಾದಪ್ಪನ ಹುಲಿ ಹಲ್ಲು ಅಂತ ಬರ್ದು ಸೈನ್ ಹಾಕಿ ಮೇಡಂ. ಎಮ್ಮೆಸ್ಸಿ ಅಂತಾನೂ ಹಾಕಿ. ನಾಳೆ ಪೇಪರ್‌ನೋರು ಬತ್ತಾರೆ, ಅವ್ರ ಮುಂದೆ ವಿಶೇಷ ಪೂಜೆ ಅದೆ. ನಿಮ್ ಕೆಲ್ಸದ ಆರ್ಡರ್ನೂ ನಾಳೇನೇ ರಿನ್ಯೂ ಮಾಡ್ಬುಡನ."

"ಹುಲಿ ಹಲ್ಲು ಗೂಟದಂಗೆ ಇರ್ತದೆ ಸಾ. ಇದು ಚಪ್ಪಟೆ. ಅಂಚು ಮುಟ್ಟಿ ನೋಡಿ, ಗರಗಸ. ಇದು ಶಾರ್ಕ್‌ದು."

"ಅಂಗಂದ್ರೆ?"

"ಮೀನು ಸಾ. ಬಸ್ಸಿನಷ್ಟುದ್ದ. ತಿಮಿಂಗಿಲಾನೇ ತಿಂತಿತ್ತು. ಕುಲಾನೇ ಅಳಿದೋಗಿ ಮೂವತ್ತಾರು ಲಕ್ಷ ವರ್ಷ ಆಯ್ತು."

ಜಡೇಸ್ವಾಮಿ ಮುಟ್ಟಿದ ಬೆರಳನ್ನು ಪಂಚೆಗೆ ಒರೆಸಿಕೊಂಡರು. "ಥೂ. ಮಾಂಸ ತಿಂದ ಹಲ್ಲು ತೊಳ್ದ ಹಾಲ್ನಾ ನಾನು ಕುಡ್ದಿದ್ದು?"

"ಹುಲಿ ಏನು ಸೊಪ್ಪು ತಿಂತದಾ ಸಾ?"

ಜಡೇಸ್ವಾಮಿ ಬಾಗಿಲಾಚೆ ಗುಡಿಸುತ್ತಿದ್ದ ಆಯಾಳನ್ನು ಕೂಗಿದರು. "ಲೇ ಮಾದೇವಮ್ಮ, ಇದ್ನ ಎತ್ಕಂಡೋಗಿ ಕೆರೆಗೆ ಎಸಿ. ನಿಮ್ಗೆಲ್ಲ ಅಭ್ಯಾಸ ಇರ್ತದಲ್ಲ."

ಮಾದೇವಮ್ಮ ಹೊಸ್ತಿಲು ದಾಟಲಿಲ್ಲ. "ನೆನ್ನೆಗಂಟ ನಾನು ಮುಟ್ಟುದ್ರೆ ಮೈಲಿಗೆ ಅಂತಿದ್ರಿ. ಈಗ ಮೈಲಿಗೆ ಅದುಕ್ಕೋ ನಂಗೋ ಸಾ?"

ಜಡೇಸ್ವಾಮಿ ಕೆಮ್ಮಿದರು. ಅಷ್ಟರಲ್ಲಿ ಮೇಜಿನ ಮೇಲಿದ್ದ ಆಮಂತ್ರಣ ಪತ್ರಿಕೆ ಕಣ್ಣಿಗೆ ಬಿತ್ತು. ಮುಖಪುಟದ ತುಂಬ ಅದೇ ಹಲ್ಲು.

"ಇರ್ಲಿ ಬುಡು. ಪ್ರಿಂಟ್ ಆಗೋಗದೆ. ಹುಲಿ ಅಂತಲೇ ಬರೀರಿ ಮೇಡಂ. ನಾಳೆ ನಂಗೆ ಉಪವಾಸ, ನಾನು ಕುಡಿಯಲ್ಲ. ಹುಡುಗ್ರು ಕುಡೀಲಿ."

ರೂಪ ಪೆನ್ನು ತೆರೆದಳು. 'ಶಾರ್ಕ್ ಮೀನಿನ ಹಲ್ಲು. ತೊಳೆದದ್ದನ್ನು ಕುಡಿಯಬಾರದು. ರೂಪ, ಎಂ.ಎಸ್ಸಿ.'

ಜಡೇಸ್ವಾಮಿ ಓದಿ ಚೀಟಿ ಹರಿದರು. "ನಾಳೆಯಿಂದ ಬರ್ಬೇಡಿ."

"ಇವತ್ತಿನ ಪೀರಿಯಡ್ ಒಂದದೆ ಸಾ," ಎಂದು ರೂಪ ಏಳನೇ ಕ್ಲಾಸಿಗೆ ನಡೆದಳು. ಬೋರ್ಡಿನ ತುಂಬ ಆ ಮೀನನ್ನು ಬರೆದು, ಅದರ ಬಾಯಲ್ಲಿನ ಹಲ್ಲು ತೋರಿಸಿ, ನಾಳೆ ಯಾರೂ ಆ ಹಾಲು ಕುಡಿಯಕೂಡದು ಎಂದಳು.

"ಕುಡೀದಿದ್ರೆ ಪಾಪ ಬತ್ತದಲ್ವಾ ಮಿಸ್?" ಮುಂದಿನ ಬೆಂಚಿನ ಹುಡುಗಿ ಕೇಳಿದಳು.

"ಕುಡುದ್ರೆ ಭೇದಿ ಬತ್ತದೆ."

ಅರ್ಧ ಕ್ಲಾಸು ನಕ್ಕಿತು. ಇನ್ನರ್ಧ ನಗಲಿಲ್ಲ, ಅವರಿಗೆ ಆಗಲೇ ಬಂದಿತ್ತು.