ಕುರಿದೊಡ್ಡಿಯ ಮಣ್ಣು

ವಿಷಮಣ್ಣು ತೆರವು ಮಾಡಿಸುವ ಆಫೀಸಿನ ಹಾಸ್ಕಿ ವಿಕಿರಣ ಅಳೆಯುವ ಮೀಟರನ್ನು ಕುರಿದೊಡ್ಡಿಯ ನೆಲಕ್ಕೆ ಹಿಡಿದದ್ದೇ ತಡ, ಅದು ಕಟಕಟ ಹಲ್ಲು ಕಡಿಯತೊಡಗಿತು. ಮುದುಕಿ ಗ್ಲೆನ್ನಾಬಾಳಿಗೆ ಆಶ್ಚರ್ಯವೇನೂ ಆಗಲಿಲ್ಲ. ಯುರೇನಿಯಂ ಗಣಿ ನಡೆಯುತ್ತಿದ್ದ ಕಾಲದಲ್ಲಿ ಅಲ್ಲಿಂದ ಗಾಡಿಗಟ್ಟಲೆ ಮಣ್ಣು ತಂದು ದೊಡ್ಡಿ ಮಟ್ಟ ಮಾಡಿದವನು ಅವಳ ಗಂಡನೇ. ಪುಕ್ಕಟೆ ಸಿಕ್ಕಿತೆಂದು ಹಿಗ್ಗಿದ್ದ.

"ಅಜ್ಜಿ, ಎರಡಡಿ ಅಗೆದು ಲಾರೀಲಿ ದೂರದ ಗುಂಡಿಗೆ ಸಾಗಿಸ್ಬೇಕು," ಎಂದ ಹಾಸ್ಕಿ, ತುಟಿ ಚಾಚಿ ನೆಲ ತೋರಿಸುತ್ತ.

"ಅಗೀತಾನಂತೆ! ನನ್ನ ಐದು ಮಕ್ಕಳ ಹೊಕ್ಕುಳಬಳ್ಳಿ ಇಲ್ಲೇ ಹೂತಿದೀನಿ ಕಣೋ. ಎಲ್ಲೇ ಅಲೆದ್ರೂ ಕುರಿ ಹತ್ರ, ಮನೆ ಹತ್ರ ವಾಪಸ್ ಬರ್ಲಿ ಅಂತ. ಅದನ್ನ ತಗೊಂಡೋಗಿ ಗುಂಡಿಗೆ ಸುರೀತೀಯಾ? ನೀನೇನು ನಮ್ಮ ನವಾಹೊ ಜನದ ತಾಯಿ ಹೊಟ್ಟೇಲಿ ಹುಟ್ಟಿದೋನೋ, ಆಫೀಸಲ್ಲಿ ಹುಟ್ಟಿದೋನೋ?"

ಹಾಸ್ಕಿ ಮೀಟರ್ ಆರಿಸಿದ. "ನನ್ನ ಹೊಕ್ಕುಳಬಳ್ಳೀನೂ ಹೋದ ವರ್ಷ ಆ ಗುಂಡಿಗೇ ಹೋಯ್ತಜ್ಜಿ. ನಮ್ಮ ದೊಡ್ಡೀನ ನಾನೇ ಅಗೆದೆ."

ಗ್ಲೆನ್ನಾಬಾ ಹೋಗಿ ದೊಡ್ಡಿಯ ಬಾಗಿಲು ತೆರೆದುಕೊಟ್ಟಳು. ಮೂರನೆಯ ದಿನ ಕೊನೆಯ ಲಾರಿ ತುಂಬಿದಾಗ ಅವಳು ಊರುಗೋಲನ್ನು ಒಳಗೆಸೆದು, ಹಾಸ್ಕಿಯ ಪಕ್ಕದ ಸೀಟಿಗೆ ಹತ್ತಿ ಕೂತಳು.

"ಎಲ್ಲಿಗಜ್ಜಿ?"

"ಜಾಗ ನೋಡ್ಬೇಕು. ನಾಳೆ ಮಕ್ಕಳು ಬಂದು ಮನೆ ಎಲ್ಲಿ ಅಂದ್ರೆ ಯಾವ ಕಡೆ ತೋರಿಸ್ಲಿ? ನಡಿ. ನಿಂದೂ ಎಲ್ಲಿದೆ, ತೋರ್ಸು."