ಹಿಟ್ಟಿನಲ್ಲಿ ತಿರುಗಿದ ಉಂಗುರ

ತಿರುಗಿತು, ಹೌದು, ತಿರುಗಿತು, ಹಿಟ್ಟು ನಾದುತ್ತಿದ್ದ ಕೈ ಅಲ್ಲೇ ನಿಂತಿತು — ವರ್ಷಗಟ್ಟಲೆ ತಂಗಿಯ ಬೆರಳಿಗೆ ಕಚ್ಚಿಕೊಂಡು, ಸೋಪು ಹಚ್ಚಿದರೂ ಜಪ್ಪಯ್ಯ ಅನ್ನದ ಅಮ್ಮನ ಉಂಗುರ ತಾನಾಗಿ ಅರ್ಧ ಸುತ್ತು ತಿರುಗಿದೆ, ಮತ್ತೆ ಬಂತೇ ಆ ಕಾಯಿಲೆ, ಆ ವರ್ಷದ ಹಾಗೆ, ಎಚ್‌ಐವಿ ಎಂದು ಗೊತ್ತಾಗುವ ಮೊದಲೇ ಮೈ ಕಡ್ಡಿಯಾಗಿ ಇದೇ ಉಂಗುರ ಇದೇ ಬೇಕರಿಯ ಹಿಟ್ಟಿನೊಳಗೆ ಜಾರಿಬಿದ್ದು, ಅಕ್ಕ ತಂಗಿ ಇಬ್ಬರೂ ಬೆಂದ ಬನ್ನುಗಳನ್ನೆಲ್ಲ ಮುರಿಮುರಿದು ಹುಡುಕಿ, ಸಿಕ್ಕಿದ್ದು ಕೊನೆಯದರಲ್ಲಿ, ಅಕ್ಕ ಉಂಗುರಕ್ಕೆ ದಾರ ಸುತ್ತಿ ಬಿಗಿಮಾಡಿ ತೊಡಿಸಿದಳು, ಕಣ್ಣೊರೆಸಿಕೊಂಡಳು. ಆಮೇಲೆ ಮಾತ್ರೆ, ಆಮೇಲೆ ಹಸಿವು, ಅದೆಂಥ ಹಸಿವು, ಸೊಟ್ಟಗಾದ ಬನ್ನೆಲ್ಲ ಅವಳದೇ ಪಾಲು, ದಾರ ಬಿಚ್ಚಿದ ದಿನ ಇಬ್ಬರೂ ನಕ್ಕು ನಕ್ಕು ಸುಸ್ತಾದರು, ಗಿರಾಕಿಗಳೂ ಹೇಳುವುದೇ, ಬೇಕರಿಯವಳು ಬಡಕಲಾಗಿದ್ರೆ ಬನ್ ಯಾರು ತಗೋತಾರೆ, ದುಂಡಗಿರುವವಳಿಗೆ ಆ ಕಾಯಿಲೆಯೆಂದು ಯಾರಿಗೆ ಅನುಮಾನ, ಕೆನ್ನೆ, ತೋಳು, ಹೊಟ್ಟೆ, ಎಲ್ಲವೂ ಬಾಗಿಲಿಗೆ ಹಾಕಿದ ಚಿಲಕ, ಕನ್ನಡಿಯ ಮುಂದೆ ನಿಂತು ತನ್ನ ಹೊಟ್ಟೆಯನ್ನು ತಾನೇ ತಟ್ಟಿಕೊಂಡಿದ್ದಾಳೆ, ಸಂತೋಷದಿಂದ.

ಕೈ ಈಗಲೂ ತಟ್ಟೆಯ ಸೊಟ್ಟ ಬನ್ನಿಗೆ ಹೋಗಿದೆ, ತಿಂದುಬಿಡಬೇಕು, ಬೇಗ ತಿಂದರೆ ಉಂಗುರ ಮತ್ತೆ ಬಿಗಿಯಾದೀತು — ಡಾಕ್ಟರಮ್ಮ ಏನಂದಿದ್ದರು, ಮಾತ್ರೆ ಚೆನ್ನಾಗಿ ಕೆಲಸ ಮಾಡ್ತಿದೆ, ಮೊನ್ನೆ ನೋಡಿದ್ರೂ ರಕ್ತದಲ್ಲಿ ವೈರಸ್ ಕಾಣಿಸ್ತಿಲ್ಲ, ಈಗ ತೊಂದರೆ ಕೊಡೋದು ಸಕ್ಕರೆ, ಮಂಡಿ, ತೂಕ ಇಳಿಸಮ್ಮ, ಇವಳು ತಲೆಯಾಡಿಸಿ ಬಂದು ಎರಡು ಬನ್ನು ತಿಂದಳು, ಇಳಿಯುವುದೆಂದರೆ ಇವಳ ಲೆಕ್ಕದಲ್ಲಿ ಸಾಯುವುದೇ, ಕೊನೆಗೆ ಅಕ್ಕನೇ ದಿನಾ ಸಂಜೆ ದರದರ ಎಳೆದುಕೊಂಡು ನಡೆಸಿದಳು. ಏನೇ, ಹಿಟ್ಟಿನ ಮುಂದೆ ಧ್ಯಾನಕ್ಕೆ ನಿಂತಿದ್ದೀಯಾ, ಒಲೆಯ ಹತ್ತಿರದಿಂದ ಅಕ್ಕ, ಉಂಗುರ ಅಲ್ಲಾಡ್ತಿದೆ ಅಕ್ಕಾ, ಅಕ್ಕ ಬಂದು ಬೆರಳು ಹಿಡಿದು ಜಗ್ಗಿ ನೋಡುತ್ತಾಳೆ, ಗೆಣ್ಣು ದಾಟಲ್ಲ ಬಿಡು, ಇಷ್ಟು ದಿನ ನನ್ನ ಚಪ್ಪಲಿ ಸವೆಸಿದ್ದು ಯಾತಕ್ಕೆ ಮತ್ತೆ, ಹಾವು ಕಚ್ಚಿದೋರಿಗೆ ಹಗ್ಗ ಕಂಡ್ರೂ ಭಯ — ಎಂದವಳ ಕೈಯೂ ಒಂದು ಗಳಿಗೆ ಬೆರಳು ಬಿಡಲಿಲ್ಲ, ಅವಳಿಗೂ ಭಯವಿತ್ತು, ಪಾಪ. ಹೌದಲ್ಲ, ನಿನ್ನೆ ಮೆಟ್ಟಿಲು ಹತ್ತುವಾಗ ಮಂಡಿ ನೋಯಲಿಲ್ಲ, ಹಸಿವೂ ಇದೆ, ನಿದ್ದೆಯೂ ಇದೆ, ಇದು ಕಾಯಿಲೆ ತಿಂದ ಮೈಯಲ್ಲ, ನಡೆದು ಕರಗಿದ ಮೈ, ತಾನೇ ಕರಗಿಸಿದ್ದು, ಬನ್ನು ತಟ್ಟೆಗೆ ವಾಪಸು ಹೋಯಿತು, ಕೈ ಹಿಟ್ಟಿಗಿಳಿಯಿತು, ಒತ್ತು, ಮಡಚು, ಒತ್ತು, ಉಂಗುರ ತಿರುಗಿತು, ಗೆಣ್ಣಿನವರೆಗೆ ಬಂದು ನಿಂತಿತು, ದಾರ ಬೇಡ, ಮತ್ತೆ ತಿರುಗಿತು, ನಿಂತಿತು —